ಎಲ್ಲರೂ ಉಂಡ ಅನ್ನ ಸಂಶಯಕ್ಕೆ ಸಿಗುವುದಿಲ್ಲ

ಕೋವಾಡ, ಚಂದಗಡ, ಗಡಹಿಂಗ್ಲಜ ಸೀಮೆಯಲ್ಲಿ ಮಗನನ್ನು ಫೌಜಿಗೆ ಕಳಿಸಿದ ಮನೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮರಾಠಾ ಲಘು ಪದಾತಿದಳದ ಕೇಂದ್ರ 1922ರಿಂದ ಇಲ್ಲೇ ಮಗ್ಗುಲಿನ ಬೆಳಗಾವಿಯಲ್ಲಿದೆ. ಅದೇ ದಳಕ್ಕೆ ಸೇರಿದ ಪ್ರಾದೇಶಿಕ ಸೇನೆಯ 109ನೇ ಬಟಾಲಿಯನ್ ಕೊಲ್ಲಾಪುರದಲ್ಲಿದೆ. ಮನೆಯವರು ಫೋನ್ ಹಚ್ಚಿದರೆ ಮೊದಲು ಕೇಳುವುದು ಊಟ ಆಯಿತೇ ಎಂದು. ಆ ಊಟವೇ ಒಂದು ರಾತ್ರಿ ನೂರಾರು ಮಂದಿಯ ಹೊಟ್ಟೆ ಕೆಡಿಸಿತೆನ್ನಿ. ಆಗ ಸೇನೆಯ ವೈದ್ಯರು ನಡೆಸುವ ತನಿಖೆಗೆ ಒಂದು ಗಟ್ಟಿಯಾದ ಶಾಸ್ತ್ರವಿದೆ: ಒಂದೊಂದು ಪದಾರ್ಥವನ್ನು ಉಂಡವರನ್ನೂ ಉಣ್ಣದವರನ್ನೂ ಹೋಲಿಸುವುದು. ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಿಂದ ಹೊರಡುವ ಪತ್ರಿಕೆಯಲ್ಲಿ ಇಂಥ ತನಿಖೆಗಳ ವರದಿಗಳು ಆಗೀಗ ಅಚ್ಚಾಗುತ್ತವೆ. ಈ ಪದ್ಧತಿ ಚುರುಕಾದದ್ದು, ಪ್ರಾಮಾಣಿಕವಾದದ್ದು ಎಂಬುದನ್ನು ಒಪ್ಪಿಕೊಂಡೇ ನನ್ನ ತಕರಾರನ್ನು ಹೇಳುತ್ತೇನೆ. ಜನರಲ್ಲಿ ಬೇರೆಬೇರೆಯಾಗಿರುವುದು ಮಾತ್ರ ಅದರ ಕಣ್ಣಿಗೆ ಬೀಳುತ್ತದೆ. ಎಲ್ಲರಿಗೂ ಒಂದೇ ಆಗಿರುವುದು ಬೀಳುವುದಿಲ್ಲ. ಎಲ್ಲವೂ ಎಲ್ಲರಿಗೂ ಒಂದೇ ಎಂಬುದು ಸೇನೆಯ ಬದುಕಿನ ಮೊದಲ ನಿಯಮ.

ಈ ಪದ್ಧತಿಯನ್ನು ವೈದ್ಯ ವಿದ್ಯಾರ್ಥಿಗಳಿಗೆ ಕಲಿಸುವ ಹಳೆಯ ಪ್ರಸಂಗವೊಂದನ್ನು ಬಿಡಿಸಿ ನೋಡಿದರೆ ಮಾತು ಸ್ಪಷ್ಟವಾಗುತ್ತದೆ. 1940ರ ಏಪ್ರಿಲ್ 18ರಂದು ನ್ಯೂಯಾರ್ಕ್ ರಾಜ್ಯದ ಆಸ್ವೀಗೊ ಕೌಂಟಿಯಲ್ಲಿ ಚರ್ಚಿನ ಭೋಜನ ಉಂಡವರು ಅದೇ ರಾತ್ರಿ ವಾಂತಿ ಮಾಡಿಕೊಂಡು ಮಲಗಿದರು. ವಿಚಾರಿಸಿದ 75 ಮಂದಿಯಲ್ಲಿ 46 ಮಂದಿಗೆ ಕಾಯಿಲೆಯಾಗಿತ್ತು. ಪ್ರತಿಯೊಂದು ಪದಾರ್ಥಕ್ಕೂ ಉಂಡವರೆಷ್ಟು, ಬಿಟ್ಟವರೆಷ್ಟು, ಎರಡೂ ಕಡೆ ಮಲಗಿದವರೆಷ್ಟು ಎಂದು ತನಿಖೆಯವರು ಕೋಷ್ಟಕದಲ್ಲಿ ಬರೆಯುತ್ತ ಹೋದರು. ವೆನಿಲಾ ಐಸ್‌ಕ್ರೀಂ ತಿಂದ 54 ಮಂದಿಯಲ್ಲಿ 43 ಮಂದಿ ಮಲಗಿದ್ದರು, ತಿನ್ನದ 21 ಮಂದಿಯಲ್ಲಿ ಬರೀ 3. ಶೇಕಡಾ 80ರ ಎದುರು ಶೇಕಡಾ 14 ಬಂದಾಗ ಬೇರೆ ಸಾಕ್ಷಿ ಯಾಕೆ ಬೇಕು? ಪಾಠ ಸಾಮಾನ್ಯವಾಗಿ ಇಲ್ಲಿ ಮುಗಿಯುತ್ತದೆ. ಆದರೆ ಅದೇ ದಾಖಲೆಯಲ್ಲಿ ಇನ್ನೊಂದು ಸಾಲಿದೆ. ಹಾಲು, ಮೊಟ್ಟೆ, ಸಕ್ಕರೆ ಕೂಡಿಸಿ ಕಾಯಿಸಿದ ಐಸ್‌ಕ್ರೀಂ ಮಿಶ್ರಣ ಹಿಂದಿನ ಸಂಜೆಯಿಂದ ಮರುದಿನ ಬೆಳಗಿನ ತನಕ ಚರ್ಚಿನ ನೆಲಮಾಳಿಗೆಯಲ್ಲಿ ಕೂತಿತ್ತು. ಐಸ್‌ಕ್ರೀಂ ಅಪರಾಧಿ ಎನ್ನುವುದಕ್ಕಿಂತ ಆ ಒಂದು ರಾತ್ರಿ ಅಪರಾಧಿ ಎನ್ನುವುದು ಸತ್ಯಕ್ಕೆ ಹೆಚ್ಚು ಹತ್ತಿರ. ಮಿಶ್ರಣಕ್ಕೆ ಕ್ರಿಮಿ ತಗಲಲು ಯಾರದೋ ಒಂದು ಕೆಮ್ಮು ಸಾಕು. ಅದು ವಿಷವಾಗಬೇಕಾದರೆ ಅಷ್ಟು ತಾಸು ಬೇಕು.

ಈ ಕೋಷ್ಟಕವನ್ನು ನಮ್ಮ ಜವಾನರ ಮೆಸ್ಸಿಗೆ ತಂದಿಡಿ. ಭೋಜನದಲ್ಲಿ ಬೇಕಾದ್ದನ್ನು ಬಡಿಸಿಕೊಂಡು ಬೇಡವಾದ್ದನ್ನು ಬಿಟ್ಟ ಚರ್ಚಿನವರಂತೆ ಇಲ್ಲಿ ಆಯ್ಕೆ ಇರುವುದಿಲ್ಲ. ಅನ್ನ, ಬೇಳೆ, ರೊಟ್ಟಿ, ನೀರು ಎಲ್ಲರ ತಾಟಿಗೂ ಬಿದ್ದಿರುತ್ತವೆ. ಅನ್ನ ಉಣ್ಣದವನೇ ಇಲ್ಲದಿದ್ದರೆ ಉಂಡವರನ್ನು ಯಾರ ಜೊತೆ ಹೋಲಿಸುವುದು? ಕೋಷ್ಟಕದಲ್ಲಿ ಅನ್ನದ ಸಾಲಿನ ಎರಡನೇ ಮನೆ ಖಾಲಿ ಉಳಿಯುತ್ತದೆ, ಅನ್ನ ನಿರಪರಾಧಿಯಾಗಿ ಹೊರಗೆ ಬರುತ್ತದೆ. ನಮ್ಮ ಮೆಸ್ಸುಗಳಲ್ಲಿ ಸಹಜವಾಗಿ ಸಿಗುವ ಒಂದೇ ದೊಡ್ಡ ವಿಂಗಡಣೆ ಸಸ್ಯಾಹಾರಿ ಮತ್ತು ಮಾಂಸಾಹಾರಿ. ಹಾಗಾಗಿ ಸಂಶಯದ ಬೆರಳು ಕೋಳಿ, ಮೀನು, ಮೊಟ್ಟೆಯ ಕಡೆಗೇ ತಿರುಗುತ್ತದೆ. 2017ರ ಏಪ್ರಿಲ್ ಮೊದಲಲ್ಲಿ ಕೇರಳದ ಪಳ್ಳಿಪುರಂ ಸಿಆರ್‌ಪಿಎಫ್ ಶಿಬಿರದಲ್ಲಿ ಸುಮಾರು 400 ಜವಾನರು ಒಮ್ಮೆಲೇ ಆಸ್ಪತ್ರೆ ಸೇರಿದಾಗ ಸುದ್ದಿಗಳಲ್ಲಿ ಮೀನಿನ ಹೆಸರು ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಲ್ಲಿ ಮೀನು ಕಾರಣವೇ ಆಗಿದ್ದಿರಬಹುದು, ಅದು ನನ್ನ ವಾದವಲ್ಲ. ಆಯ್ಕೆ ಇದ್ದ ಪದಾರ್ಥಕ್ಕೆ ಮಾತ್ರ ಸಿಕ್ಕಿಬೀಳುವ ಅವಕಾಶವಿರುತ್ತದೆ ಎಂಬುದು ವಾದ. ಬೇಯಿಸಿ ಹೊರಗಿಟ್ಟ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸಿರಿಯಸ್ ಎಂಬ ಕ್ರಿಮಿ ಒಂದರಿಂದ ಆರು ತಾಸಿನೊಳಗೇ ವಾಂತಿ ತರಬಲ್ಲದು. ಬರೀ ಕೋಷ್ಟಕ ನಂಬಿದ ತನಿಖಾಧಿಕಾರಿಯಿಂದ ಅದು ಸಲೀಸಾಗಿ ತಪ್ಪಿಸಿಕೊಳ್ಳುತ್ತದೆ.

ಅಡುಗೆಮನೆಯ ಒಳಗೆ ಬಂದರೆ ಇದು ಇನ್ನೂ ನಿಚ್ಚಳವಾಗುತ್ತದೆ. ಇನ್ನೂರು ಮಂದಿಗೆ ಮಾಡಿದ ಸಾರಿನ ಹಂಡೆಯನ್ನು ಮಧ್ಯಾಹ್ನ ಒಲೆಯಿಂದ ಇಳಿಸಿ ಮುಚ್ಚಳ ಹಾಕಿಟ್ಟರೆ ಮೇಲೆ ಎಣ್ಣೆಯ ಪದರ ಕಟ್ಟಿ ಅದು ಆರಿದಂತೆ ಕಾಣುತ್ತದೆ. ಹಂಡೆಯ ಪಕ್ಕ ಮುಟ್ಟಿದರೆ ಬೆಚ್ಚಗಷ್ಟೇ ಇರುತ್ತದೆ, ನಡುವೆ ಸೌಟು ಇಳಿಸಿದರೆ ಇನ್ನೂ ಬಿಸಿ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಕ್ರಿಮಿಯ ಬೀಜಕಗಳು ಕುದಿತವನ್ನೂ ತಾಳಿಕೊಂಡು ಬದುಕುತ್ತವೆ. ಸಾರು 40–45 ಡಿಗ್ರಿಗೆ ಇಳಿದಾಗ ಮೊಳೆತು, ಹತ್ತು ಹನ್ನೆರಡು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ರಾತ್ರಿ ಅದೇ ಸಾರನ್ನು ತುಸು ಬಿಸಿ ಮಾಡಿ ಬಡಿಸಿದರೆ ಬೆಳಗಿನ ಪರೇಡಿಗೆ ಮೊದಲೇ ಹೊಟ್ಟೆ ಮುರಿತ ಶುರು. ಇದರಲ್ಲಿ ಯಾರೂ ಕೈ ತೊಳೆಯದೆ ಇರಬೇಕಾಗಿಲ್ಲ, ಮಾಂಸ ಹಳಸಿರಬೇಕಾಗಿಲ್ಲ. ಬಡಿಸುವ ಮೊದಲು ಅಧಿಕಾರಿ ರುಚಿ ನೋಡುವ ಸಂಪ್ರದಾಯವೂ ಇಲ್ಲಿ ಕೆಲಸಕ್ಕೆ ಬಾರದು, ಇಂಥ ಊಟಕ್ಕೆ ಕೆಟ್ಟ ವಾಸನೆಯೂ ಇರುವುದಿಲ್ಲ, ಕೆಟ್ಟ ರುಚಿಯೂ ಇರುವುದಿಲ್ಲ. ಇಲ್ಲಿ ತಪ್ಪಿದ್ದು ದೊಡ್ಡ ಹಂಡೆ ಮತ್ತು ಸಣ್ಣ ಫ್ರಿಜ್ಜು, ಮಧ್ಯಾಹ್ನ ಮಾಡಿದ್ದನ್ನೇ ರಾತ್ರಿಗೂ ಎಳೆಯಬೇಕಾದ ವೇಳಾಪಟ್ಟಿ. ಮೈಸೂರಿನಲ್ಲಿ 1961ರಲ್ಲಿ ಆರಂಭವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಗಡಿಯ ಜವಾನನಿಗೆ ತಿಂಗಳುಗಟ್ಟಲೆ ಕೆಡದ ಪೊಟ್ಟಣದ ಊಟ ಮಾಡಿಕೊಡುತ್ತದೆ. ಹೊತ್ತು ಅನ್ನುವುದು ಎಷ್ಟು ದೊಡ್ಡ ಶತ್ರು ಎಂದು ಸೇನೆಗೆ ಪೊಟ್ಟಣದ ಮಟ್ಟಿಗೆ ಚೆನ್ನಾಗಿ ಗೊತ್ತು. ಊರೊಳಗಿನ ದಂಡಿನ ಹಂಡೆಯ ಮಟ್ಟಿಗೆ ಆ ತಿಳಿವಳಿಕೆ ಯಾಕೋ ಮಂಕಾಗುತ್ತದೆ.

ಹೊತ್ತನ್ನು ಅಳೆಯಲು ಬೇಕಾದ ಹೋಲಿಕೆ ಸೇನೆಯಲ್ಲೇ ಸಿದ್ಧವಾಗಿದೆ, ಬಳಸಿಕೊಳ್ಳುವವರು ಬೇಕಷ್ಟೆ. ಮೊದಲ ಪಂಕ್ತಿಯಲ್ಲಿ ಉಂಡವರು, ಕೊನೆಯ ಪಂಕ್ತಿಯವರು, ಪಹರೆ ಮುಗಿಸಿ ಬಂದು ಎತ್ತಿಟ್ಟ ಊಟ ಉಂಡವರು ಎಂದು ಮೂರು ಗುಂಪು ಮಾಡಿದರೆ ಎಲ್ಲರೂ ಅದೇ ಅನ್ನ ಉಂಡಿದ್ದರೂ ಉಂಡ ಗಳಿಗೆ ಬೇರೆ. ಡ್ಯೂಟಿ ರೋಸ್ಟರಿನಲ್ಲಿ ಆ ಗಳಿಗೆ ಬರೆದೇ ಇರುತ್ತದೆ. ಇಷ್ಟು ಅಚ್ಚುಕಟ್ಟಾದ ದಾಖಲೆ ಜಾತ್ರೆಯ ಮಹಾಪ್ರಸಾದಕ್ಕೋ ಮದುವೆ ಊಟಕ್ಕೋ ಎಲ್ಲಿ ಸಿಗಬೇಕು?

ತಪ್ಪಿತಸ್ಥ ಪದಾರ್ಥ ಸಿಕ್ಕರೆ ಹರಡುವುದನ್ನು ತಡೆಯಬಹುದಲ್ಲ, ಅಷ್ಟು ಸಾಲದೇ ಎಂದು ಕೇಳುವವರಿದ್ದಾರೆ. ವಿಷದ ಪ್ರಕರಣಗಳಲ್ಲಿ ತಡೆಯಲು ಏನೂ ಉಳಿದಿರುವುದಿಲ್ಲ. ದಂಡಿನ ದವಾಖಾನೆಯಾದ ಎಂ.ಐ. ರೂಮಿನ ಮುಂದೆ ಸಾಲು ನಿಂತ ಹೊತ್ತಿಗೆ ಪಲ್ಯದ ಬೋಗೋಣಿ ತೊಳೆದು ಮಗುಚಿ ಹಾಕಿ ಆಗಿರುತ್ತದೆ. ಉಳಿಯುವುದು ನಾಳೆಯ ಊಟದ ಪ್ರಶ್ನೆ, ಅದಕ್ಕೆ ನಿನ್ನೆಯ ಪಲ್ಯದ ಹೆಸರು ಉತ್ತರವಲ್ಲ. ಇದಕ್ಕಿಂತ ತೂಕದ ಆಕ್ಷೇಪ ಶಿಸ್ತಿನದು. ಅಡುಗೆಯವನ ಬೆರಳಿನ ಕೀವುಗಾಯದಿಂದ ಸ್ಟೆಫಿಲೊಕಾಕಸ್ ಎಂಬ ಕ್ರಿಮಿ ಬರುವುದು ನಿಜ, ಅಲಕ್ಷ್ಯವೂ ನಿಜ, ಹೊಣೆಯನ್ನು ಯಾರೋ ಒಬ್ಬರು ಹೊರಲೇಬೇಕಲ್ಲವೇ? ಹೊರಲಿ. ಆದರೆ ಕೋರ್ಟ್ ಆಫ್ ಇನ್‌ಕ್ವೈರಿಯ ನೆರಳಿನಲ್ಲಿ ನಡೆಯುವ ವೈದ್ಯಕೀಯ ವಿಚಾರಣೆಯಲ್ಲಿ ಗಾಯವಾದ ಅಡುಗೆಯವ ಮೊದಲು ಮಾಡುವ ಕೆಲಸ ಗಾಯ ಮುಚ್ಚಿಕೊಳ್ಳುವುದು. ಊಟದ ಬಗ್ಗೆ ಬಾಯಿಬಿಟ್ಟವನ ಗತಿ ಏನೆಂಬುದನ್ನು 2017 ಇಡೀ ದೇಶಕ್ಕೆ ತೋರಿಸಿತು. ನೀರಾದ ಬೇಳೆ, ಕರಕಲು ರೊಟ್ಟಿಯ ವಿಡಿಯೊ ಹಾಕಿದ ಗಡಿ ಭದ್ರತಾ ಪಡೆಯ ಜವಾನ ಜನವರಿಯಲ್ಲಿ ಸುದ್ದಿಯಾಗಿ ಏಪ್ರಿಲ್‌ನಲ್ಲಿ ವಜಾ ಆದ. ಆ ಪಡೆ ಸೇನೆಯಲ್ಲ, ಅವನ ಮೇಲೆ ಅಶಿಸ್ತಿನ ಬೇರೆ ಆರೋಪಗಳೂ ಇದ್ದವು. ಆದರೂ ಮೆಸ್ಸಿನಲ್ಲಿ ಪ್ರಶ್ನಾವಳಿ ಹಿಡಿದು ಕೂತ ವೈದ್ಯನಿಗೆ ಎದುರಿನವ ಪೂರ್ತಿ ಸತ್ಯ ಹೇಳುತ್ತಾನೆಂದು ನಂಬುವುದು ಕಷ್ಟ. ಇನ್ನು ಮೇಲಿನ ಹಂತದ ತಪ್ಪುಗಳಂತೂ ಅಡುಗೆಯವನ ಕೈಗೆ ಎಟುಕುವಂಥವೇ ಅಲ್ಲ. ಅವಧಿ ಮುಗಿದ ರೇಷನ್ನಿನ ಆಯುಷ್ಯ ಹಿಗ್ಗಿಸಿ ಜವಾನರಿಗೆ ಉಣಿಸಿದ್ದನ್ನು ಮಹಾಲೇಖಪಾಲರ 2010–11ರ ವರದಿ ಎತ್ತಿ ಆಡಿತ್ತು. ಅದನ್ನು ಹೊರಗೆ ತಂದದ್ದು ಲೆಕ್ಕ ತಪಾಸಣೆ, ಹೊಟ್ಟೆನೋವಿನ ತನಿಖೆಯಲ್ಲ.

ಗುಟ್ಟಿನ ಆಕ್ಷೇಪವೂ ಒಂದಿದೆ. ಎಷ್ಟು ಮಂದಿ ಮಲಗಿದರೆಂದು ಶತ್ರುವಿಗೆ ತಿಳಿಯಬಾರದು, ಸರಿ. ಆದರೆ ನೆಲೆಯ ಹೆಸರು ಬಿಟ್ಟು, ತಡವಾಗಿ ಪ್ರಕಟಿಸುವ ದಾರಿಯನ್ನು ಸೇನೆಯ ಪತ್ರಿಕೆಯೇ ಕಂಡುಕೊಂಡಿದೆ. ಆ ದಾರಿ ಇನ್ನಷ್ಟು ಅಗಲವಾದರೆ ಹಾಸ್ಟೆಲ್ಲು, ಆಶ್ರಮಶಾಲೆ, ಜಾತ್ರೆ ಸಮಿತಿಗಳಿಗೂ ಉಪಯೋಗವಾದೀತು, ಅಲ್ಲೂ ಇದೇ ಹಂಡೆ, ಇದೇ ಮುಚ್ಚಳ. ನನ್ನ ಮೊದಲ ತಕರಾರಿಗೆ ಮರಳಿದರೆ, ಎಲ್ಲರಿಗೂ ಒಂದೇ ಆಗಿದ್ದ ಪದಾರ್ಥವನ್ನು ಹಿಡಿದ ತನಿಖೆಯೊಂದು ಸೇನಾ ವೈದ್ಯರ ಚರಿತ್ರೆಯಲ್ಲೇ ಇದೆ. ಮಾಲ್ಟಾ ದ್ವೀಪದ ಬ್ರಿಟಿಷ್ ಸೈನಿಕರನ್ನು ವಾರಗಟ್ಟಲೆ ಮಲಗಿಸುತ್ತಿದ್ದ ಜ್ವರದ ಕ್ರಿಮಿಯನ್ನು ಸೇನಾ ವೈದ್ಯ ಡೇವಿಡ್ ಬ್ರೂಸ್ 1887ರಲ್ಲಿ ಕಂಡುಹಿಡಿದ. ಅದು ಎಲ್ಲಿಂದ ಬರುತ್ತದೆಂದು ತಿಳಿಯಲು ಮತ್ತೆ ಹದಿನೆಂಟು ವರ್ಷ ಬೇಕಾಯಿತು. ಹಾಲನ್ನು ಯಾರೂ ಸಂಶಯಿಸಿರಲಿಲ್ಲ, ಆಡುಗಳು ಮೈದುಂಬಿಕೊಂಡು ಆರೋಗ್ಯವಾಗಿಯೇ ಇದ್ದವು. 1905ರಲ್ಲಿ ಮಾಲ್ಟಾದವನೇ ಆದ ಥೆಮಿಸ್ಟೊಕ್ಲಿಸ್ ಝಾಮಿಟ್ ತಾಟು ಬಿಟ್ಟು ಕೊಟ್ಟಿಗೆಗೆ ಹೋಗಿ ಆಡಿನ ರಕ್ತ ಪರೀಕ್ಷಿಸಿದಾಗ ಗುಟ್ಟು ಬಯಲಾಯಿತು. 1906ರಲ್ಲಿ ಸೈನಿಕರ ಊಟದಿಂದ ಆಡಿನ ಹಾಲು ತೆಗೆದುಹಾಕಿದರು, ಬ್ಯಾರಕ್ಕಿನೊಳಗೆ ಜ್ವರ ಹೆಚ್ಚುಕಡಿಮೆ ನಿಂತೇ ಹೋಯಿತು. ಆಜ್ಞೆ ಬ್ಯಾರಕ್ಕಿಗಷ್ಟೇ ಆಗಿತ್ತು. ಬೇಲಿಯಾಚೆ ಆಡುಗಳು ಎಂದಿನಂತೆ ಬೆಳಿಗ್ಗೆ ಬೀದಿಗಿಳಿದು ಮನೆಮನೆಯ ಬಾಗಿಲಲ್ಲಿ ಹಾಲು ಕರೆಸಿಕೊಳ್ಳುತ್ತಿದ್ದವು.