ಹಾರುವ ರಥದ ಕನಸು, ಪರದೆ ಕಟ್ಟಿದ ಬಸ್ಸು

ಮಕ್ಕಳು ಕನಸು ಕಾಣಬೇಕು ಎಂದು ನಾವು ಶಾಲಾ ವಾರ್ಷಿಕೋತ್ಸವಗಳಲ್ಲಿ ಹೇಳುತ್ತಲೇ ಇರುತ್ತೇವೆ. ಆದರೆ ಕನಸಿನ ಹೆಸರಿನಲ್ಲಿ ನಾವು ಅವರ ಕೈಗಿಡುವುದು ಡಾಕ್ಟರು, ಇಂಜಿನಿಯರು ಎಂಬ ಎರಡೇ ಚೀಟಿಗಳನ್ನು. ಕನಸಿಗೂ ಅಪ್ಪಣೆ ಕೇಳಬೇಕಾಗಿದ್ದ ಮನೆಯಲ್ಲಿ ಬೆಳೆದ ಹೆಣ್ಣುಮಗಳೊಬ್ಬಳು ಬರೆದ ‘ಸುಲ್ತಾನಾಳ ಕನಸು’ ಎಂಬ ಪುಟ್ಟ ಕಥೆಯನ್ನು ಮತ್ತೆ ಓದಬೇಕೆಂದು ನಮಗೆ ಅನ್ನಿಸುವುದು ಅದಕ್ಕಾಗಿಯೇ.

ಬೇಗಂ ರೊಕೆಯಾ ಹುಟ್ಟಿದ್ದು 1880ರಲ್ಲಿ, ಇಂದಿನ ಬಾಂಗ್ಲಾದೇಶದ ರಂಗಪುರ ಸೀಮೆಯ ಪೈರಾಬಂದ್‌ನ ಜಮೀನ್ದಾರರ ಮನೆಯಲ್ಲಿ. ಐದನೆಯ ವಯಸ್ಸಿಗೇ ಪರ್ದಾ. ಅದೂ ಗಂಡಸರಿಂದ ಮಾತ್ರವಲ್ಲ, ಮನೆಗೆ ಬರುವ ಅಪರಿಚಿತ ಹೆಂಗಸರ ಕಣ್ಣಿಗೂ ಬೀಳದಂತೆ ಅಡಗಿಕೊಳ್ಳಬೇಕಿತ್ತು. ಮನೆಮಂದಿಯೆಲ್ಲ ಮಲಗಿದ ಮೇಲೆ ಅಣ್ಣ ದೀಪದ ಬೆಳಕಿನಲ್ಲಿ ಇಂಗ್ಲಿಷ್ ಕಲಿಸಿದ. ಆ ಕದ್ದ ಇಂಗ್ಲಿಷಿನಲ್ಲೇ ಆಕೆ ಮುಂದೆ ಈ ಕಥೆ ಬರೆದರು. 1905ರಲ್ಲಿ ಮದ್ರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ನಲ್ಲಿ ಅದು ಪ್ರಕಟವಾಯಿತು. ಪತಿ ಸಖಾವತ್ ಹುಸೇನ್ ಹಸ್ತಪ್ರತಿಯನ್ನು ನಿಂತಲ್ಲೇ ಓದಿ ಮುಗಿಸಿ, ಇದು ಭಾರೀ ಸೇಡು ಎಂದರಂತೆ.

ಸೇಡು ಹೌದು. ಕಥೆಯ ಸ್ತ್ರೀರಾಜ್ಯದಲ್ಲಿ ಗಂಡಸರು ಮರ್ದಾನಾದೊಳಗೆ, ಹೆಂಗಸರು ಬೀದಿಯಲ್ಲಿ. ಮುಸುಕಿಲ್ಲದೆ ನಡೆಯುವ ಸುಲ್ತಾನಾ ನಾಚಿಕೊಂಡರೆ ಅಲ್ಲಿಯ ಹೆಂಗಸರು, ಇವಳೇನು ಗಂಡಸರ ಹಾಗೆ ಅಂಜುತ್ತಾಳಲ್ಲ ಎಂದು ನಗುತ್ತಾರೆ. ಅಡಗಿ ಕುಳಿತ ಐದು ವರ್ಷದ ಹುಡುಗಿ ಇಲ್ಲಿ ಇಡೀ ಮನೆಯನ್ನೇ ತಿರುವಿಹಾಕಿದ್ದಾಳೆ. ಕಲ್ಪನೆ ಆಕಾಶದಿಂದ ಇಳಿಯುವುದಿಲ್ಲ, ಬಾಲ್ಯದ ಕೋಣೆಯ ಸಾಮಾನುಗಳನ್ನೇ ಬೇರೆ ಜಾಗದಲ್ಲಿ ಇಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ತಿಳಿದಿಲ್ಲ.

2024ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಸ್ಮೃತಿ ಪಟ್ಟಿಗೆ ಈ ಕೃತಿ ಸೇರಿತು. ರೊಕೆಯಾ ಸೌರಶಕ್ತಿಯನ್ನು ಅಂದೇ ಕಂಡಿದ್ದರು ಎಂಬ ಹೊಗಳಿಕೆಯೂ ಕೇಳಿಬರುತ್ತದೆ. ಈ ಹೊಗಳಿಕೆಗೆ ನಮ್ಮ ತಕರಾರಿದೆ. ಸೂರ್ಯನ ಶಾಖದಿಂದ ಯಂತ್ರ ನಡೆಸುವ ಪ್ರಯತ್ನ ಆಗಲೇ ನಡೆದಿತ್ತು. 1878ರ ಪ್ಯಾರಿಸ್ ಪ್ರದರ್ಶನದಲ್ಲಿ ಮೂಶೋ ಎಂಬವರು ಬಿಸಿಲಿನ ಬಲದಿಂದ ಮಂಜುಗಡ್ಡೆ ಮಾಡಿ ತೋರಿಸಿದ್ದರು. ಅದೇ ದಶಕದಲ್ಲಿ ಮುಂಬಯಿಯಲ್ಲಿ ವಿಲಿಯಂ ಆಡಮ್ಸ್ ಕನ್ನಡಿಗಳನ್ನು ಜೋಡಿಸಿ ಪ್ರಯೋಗ ಮಾಡಿದ್ದರು. ರೈಟ್ ಸಹೋದರರ ವಿಮಾನ 1903ರಲ್ಲೇ ಹಾರಿತ್ತು. ಇನ್ನು ಮೋಡಕ್ಕೆ ಕೊಳವೆ ಹಾಕಿ ನೀರು ಸೆಳೆಯುವ ಬಲೂನು ಕೆಲಸ ಮಾಡದು. ಮೋಡದ ಒಂದು ಘನ ಮೀಟರಿನಲ್ಲಿ ಇರುವ ನೀರು ಸಾಮಾನ್ಯವಾಗಿ ಒಂದು ಗ್ರಾಮಿನಷ್ಟೂ ಇರುವುದಿಲ್ಲ. ಭವಿಷ್ಯವಾಣಿ ಎಂದು ಓದಿದರೆ ಕಥೆ ಅರ್ಧ ಫೇಲು.

ಆದರೆ ವಿಜ್ಞಾನ ಯಾರಿಗಾಗಿ ಎಂಬ ಪ್ರಶ್ನೆಯನ್ನು ಅದು ಕೇಳಿದ ರೀತಿ ನೋಡಿ. ಗಂಡಸರು ಸೈನ್ಯ ಬೆಳೆಸುವುದರಲ್ಲಿ ಮುಳುಗಿದ್ದಾಗ ಹೆಂಗಸರ ಎರಡು ವಿಶ್ವವಿದ್ಯಾಲಯಗಳಲ್ಲಿ ಒಂದು ನೀರಿನ, ಇನ್ನೊಂದು ಬಿಸಿಲಿನ ಬೆನ್ನು ಹತ್ತುತ್ತದೆ. ಸುಲ್ತಾನಾಗೆ ತೋರಿಸುವ ಅಡುಗೆಮನೆ ತರಕಾರಿ ತೋಟದ ನಡುವೆ ಇದೆ. ಅಲ್ಲಿ ಇದ್ದಿಲಿಲ್ಲ, ಹೊಗೆಯಿಲ್ಲ, ಚಿಮಣಿಯೂ ಇಲ್ಲ. ಸೌದೆ ಒಲೆಯ ಮುಂದೆ ಕಣ್ಣುಜ್ಜಿಕೊಂಡ ತಾಯಂದಿರ ಮಕ್ಕಳಾದ ನಮಗೆ ಹಾರುವ ರಥಕ್ಕಿಂತ ಈ ಹೊಗೆಯಿಲ್ಲದ ಗೋಡೆಯೇ ದೊಡ್ಡ ಕನಸಾಗಿ ಕಾಣುತ್ತದೆ.

ಕಥೆಯ ದೌರ್ಬಲ್ಯವನ್ನೂ ಹೇಳಲೇಬೇಕು. ಅದೇ ಬಿಸಿಲನ್ನು ವೈರಿ ಸೈನ್ಯದ ಮೇಲೆ ತಿರುಗಿಸಿ ಗೆದ್ದಾಗ ಲೇಖಕಿಗೆ ಅಳುಕೇ ಇಲ್ಲ. ಸೈನ್ಯವನ್ನು ಗೇಲಿ ಮಾಡಿದ ಪ್ರಯೋಗಾಲಯವೇ ಆಯುಧಾಗಾರವಾದುದನ್ನು ಆಕೆ ಒಂದೇ ಉಸಿರಿನಲ್ಲಿ ದಾಟಿಬಿಡುತ್ತಾರೆ. ಗಂಡಸರನ್ನು ಕೂಡಿಹಾಕಿದೊಡನೆ ಅಪರಾಧವೇ ಇಲ್ಲವಾಯಿತು ಎಂಬುದೂ ತೀರಾ ಸಲೀಸು. ಗೋಡೆ ಅನ್ಯಾಯವಾದರೆ ಯಾರು ಒಳಗಿದ್ದರೂ ಅನ್ಯಾಯವಲ್ಲವೇ? ವಿಡಂಬನೆ ಎಂಬ ರಿಯಾಯಿತಿ ಕೊಟ್ಟರೂ ಈ ಪ್ರಶ್ನೆ ಉಳಿಯುತ್ತದೆ.

ಇದಕ್ಕೆ ಉತ್ತರವನ್ನು ರೊಕೆಯಾ ಕಥೆಯಲ್ಲಿ ಕೊಡಲಿಲ್ಲ, ಬದುಕಿನಲ್ಲಿ ಹುಡುಕಿದರು. ಗಂಡನ ಮರಣಾನಂತರ 1911ರಲ್ಲಿ ಕಲ್ಕತ್ತೆಯಲ್ಲಿ ಎಂಟು ಹುಡುಗಿಯರೊಡನೆ ಶಾಲೆ ತೆರೆದರು. ಯಾರನ್ನೂ ಕೂಡಿಹಾಕಲಿಲ್ಲ, ಪರ್ದಾದೊಳಗಿನ ಮಕ್ಕಳನ್ನು ಪರ್ದಾ ಸಹಿತವೇ ಕರೆತಂದರು. ಅವರ ‘ಅವರೋಧಬಾಸಿನಿ’ ಪುಸ್ತಕದಲ್ಲಿ ಶಾಲೆಯ ಬಸ್ಸಿನ ಪ್ರಸಂಗ ಬರುತ್ತದೆ. ಸುತ್ತ ಮುಚ್ಚಿದ ಆ ಬಸ್ಸಿನೊಳಗೆ ಗಾಳಿಯಿಲ್ಲದೆ ಮಕ್ಕಳು ಮೂರ್ಛೆ ಹೋಗತೊಡಗಿದರು. ಮುಚ್ಚಿದ್ದನ್ನು ತೆಗೆಸಿ ಪರದೆ ಕಟ್ಟಿಸಿದರು. ಪರದೆ ಗಾಳಿಗೆ ಹಾರಿತು. ಇದನ್ನು ಸರಿಪಡಿಸದಿದ್ದರೆ ಶಾಲೆಯ ವಿರುದ್ಧ ಪತ್ರಿಕೆಗಳಿಗೆ ಬರೆಯುತ್ತೇವೆ ಎಂದು ಸಮುದಾಯದ ಹಿತೈಷಿಗಳಿಂದ ಕಾಗದಗಳು ಬಂದವು.