ಹಾರ್ಸ್‌ಬರ್ಗನ ನೌಕಾಮಾರ್ಗದರ್ಶಿ: ಒಂದು ವಿಮರ್ಶೆ

ಕೊಡಿಗೇನಹಳ್ಳಿಯಂತಹ ಬಯಲುಸೀಮೆಯಲ್ಲಿ ಓದಿದ ನಮ್ಮಂಥವರಿಗೆ ಸಮುದ್ರವೆಂದರೆ ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲೊಂದು. ಈಸ್ಟ್ ಇಂಡಿಯಾ ಕಂಪೆನಿಯ ಜೇಮ್ಸ್ ಹಾರ್ಸ್‌ಬರ್ಗನಿಗೆ (1762–1836) ಅದು ಶಾಸ್ತ್ರವಿಷಯ. ಆದುದರಿಂದ ಆತನ ಗ್ರಂಥವನ್ನು ಕಾವ್ಯಲಕ್ಷಣಗಳಿಂದಲ್ಲ, ಅನುಬಂಧಚತುಷ್ಟಯದಿಂದಲೇ ಪರೀಕ್ಷಿಸತಕ್ಕದ್ದು.

1786ರಲ್ಲಿ ಆತನು ಅಧಿಕಾರಿಯಾಗಿದ್ದ ‘ಅಟ್ಲಾಸ್’ ಹಡಗು, ನಕಾಶೆಯ ದೋಷದಿಂದ, ಡಿಯಾಗೊ ಗಾರ್ಸಿಯಾ ದ್ವೀಪದಲ್ಲಿ ಒಡೆಯಿತು. ಅನಂತರದ ಯಾನಗಳಲ್ಲಿ ಕಂಡುದನ್ನು ಆತನು ಶ್ರದ್ಧೆಯಿಂದ ಬರೆದಿಟ್ಟನು. 1809–11ರಲ್ಲಿ ಮಾರ್ಗದರ್ಶಿಯು ಪ್ರಕಟವಾಯಿತು. 1810ರಲ್ಲಿ ಕಂಪೆನಿಯ ಜಲಲೇಖ್ಯಾಧಿಕಾರಿಯ ಪದವಿಯು ದೊರೆಯಿತು. ಇಲ್ಲಿ ವಿಷಯವು ಜಲಮಾರ್ಗ, ಅಧಿಕಾರಿಯು ಚುಕ್ಕಾಣಿ ಹಿಡಿದವನು, ಪ್ರಯೋಜನವು ಪ್ರಾಣರಕ್ಷಣೆ, ಸಂಬಂಧವು ಬೋಧ್ಯಬೋಧಕಭಾವ. ಅಲಂಕಾರವಿಲ್ಲದಿರುವುದು ಇಲ್ಲಿ ಗುಣವೇ ಹೊರತು ದೋಷವಲ್ಲ. 1874ರಲ್ಲಿ ಆಲ್ಫ್ರೆಡ್ ಡಂಡಾಸ್ ಟೇಲರನು ಇದನ್ನೇ ಆಧಾರವಾಗಿಟ್ಟುಕೊಂಡು ಹೊಸ ಗ್ರಂಥವನ್ನು ರಚಿಸಿದುದು ಇದರ ಪ್ರಾಮಾಣ್ಯಕ್ಕೆ ಸಾಕ್ಷಿ.

ಆದರೆ ಅಧಿಕಾರಿಭೇದದಿಂದ ದೃಷ್ಟಿಭೇದವೂ ಉಂಟು. ಹಡಗಿನಿಂದ ನೋಡುವವನಿಗೆ ನಮ್ಮ ಕರಾವಳಿಯ ಬೆಟ್ಟ, ದ್ವೀಪ, ಅಳಿವೆಗಳು ದಿಕ್ಕಿನ ಗುರುತುಗಳು ಮಾತ್ರ. ನೇತ್ರಾಣಿಯು ಆಂಗ್ಲ ನಕಾಶೆಗಳಲ್ಲಿ ‘ಪಿಜನ್ ಐಲೆಂಡ್’, ಎಂದರೆ ಪಾರಿವಾಳಗಳ ದ್ವೀಪ. ಹೆಸರು ಮರೆಯಾದರೆ ಅದನ್ನಾಶ್ರಯಿಸಿದ ಚರಿತ್ರೆಯೂ ಮರೆಯಾಗುವುದು. ಹಾರ್ಸ್‌ಬರ್ಗನು ತನ್ನ ಓದುಗರಿಗೆ ಸಲ್ಲಿಸಬೇಕಾದುದನ್ನು ಸಲ್ಲಿಸಿದನು. ಬೆಸ್ತರ ಬಾಯಲ್ಲಿರುವ ಕಡಲಿನ ಕನ್ನಡವನ್ನು ಸಂಗ್ರಹಿಸಿ ನಿಘಂಟಿಗೆ ಸೇರಿಸುವ ಕಾರ್ಯವು ಕನ್ನಡ ವಿದ್ವಾಂಸರದು.