ಧಾರವಾಡದ ಒಂದು ಅರ್ಜಿಯೂ ವಿದ್ಯಾರ್ಥಿಯ ಆತ್ಮವಿಶ್ವಾಸವೂ

ವಿದ್ಯಾರ್ಥಿಯ ಯಶಸ್ಸಿಗೆ ಆತ್ಮವಿಶ್ವಾಸವೇ ಮೂಲವೆಂಬ ಮಾತನ್ನು ನಮ್ಮ ಶಾಲಾ-ಕಾಲೇಜುಗಳ ಸಮಾರಂಭಗಳಲ್ಲಿ ಮೇಲಿಂದ ಮೇಲೆ ಕೇಳುತ್ತೇವೆ. ಈ ಕೆಲಸ ತನ್ನಿಂದ ಆದೀತೆಂದು ನಂಬಿದ ವಿದ್ಯಾರ್ಥಿಯು ಹೆಚ್ಚು ಹೊತ್ತು ಪ್ರಯತ್ನಿಸುತ್ತಾನೆ, ಸೋತರೂ ಮತ್ತೆ ತೊಡಗುತ್ತಾನೆ ಎಂಬುದು ನಿರ್ವಿವಾದ. ಆದರೆ ಈ ನಂಬಿಕೆ ಎಲ್ಲಿಂದ ಬರುತ್ತದೆ, ಯಾರು ಅದನ್ನು ಬೆಳೆಸುತ್ತಾರೆ, ಯಾರು ಕಸಿಯುತ್ತಾರೆ ಎಂದು ಕೇಳದೆ ಬಿಟ್ಟರೆ, ಅನುತ್ತೀರ್ಣನಾದವನ ಮೇಲೆಯೇ ಎಲ್ಲ ಹೊಣೆಯನ್ನೂ ಹೊರಿಸಿದಂತಾಗುತ್ತದೆ. ಈ ವಿಷಯದ ಮುಖ್ಯ ಸಂಶೋಧನೆಗಳನ್ನು ಪರಾಮರ್ಶಿಸಿ, ಧಾರವಾಡದ್ದೇ ಆದ ಒಂದು ಐತಿಹಾಸಿಕ ಪ್ರಸಂಗದ ಎದುರಿಗಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಶಿಕ್ಷಕರ ನಿರೀಕ್ಷೆಯ ವಿಚಾರ. ರಾಬರ್ಟ್ ರೋಸೆಂಥಾಲ್ ಮತ್ತು ಲೆನೋರ್ ಜೇಕಬ್‌ಸನ್ ಎಂಬವರು ಕ್ಯಾಲಿಫೋರ್ನಿಯದ ಒಂದು ಪ್ರಾಥಮಿಕ ಶಾಲೆಯಲ್ಲಿ ನಡೆಸಿದ ಪ್ರಯೋಗವನ್ನು 1968ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಮಕ್ಕಳಿಗೆ ಬುದ್ಧಿಪರೀಕ್ಷೆಯೊಂದನ್ನು ಕೊಟ್ಟು, ಅವರಲ್ಲಿ ಸುಮಾರು ಐದರಲ್ಲಿ ಒಂದು ಪಾಲಿನವರು ಈ ವರ್ಷ ವಿಶೇಷ ಪ್ರಗತಿ ತೋರುವರೆಂದು ಶಿಕ್ಷಕರಿಗೆ ತಿಳಿಸಲಾಯಿತು. ವಾಸ್ತವವಾಗಿ ಆ ಹೆಸರುಗಳನ್ನು ಚೀಟಿ ಎತ್ತಿದಂತೆ ಆರಿಸಲಾಗಿತ್ತು. ವರ್ಷದ ಕೊನೆಗೆ ಮರುಪರೀಕ್ಷೆ ಮಾಡಲಾಗಿ, ಒಂದನೆಯ ಮತ್ತು ಎರಡನೆಯ ತರಗತಿಗಳಲ್ಲಿ ಈ ಮಕ್ಕಳ ಅಂಕಗಳು ಉಳಿದವರಿಗಿಂತ ಹೆಚ್ಚು ಏರಿದ್ದವು. ಗುರುವಿನ ನಿರೀಕ್ಷೆಯೇ ಶಿಷ್ಯನನ್ನು ರೂಪಿಸುತ್ತದೆಂಬ ಅಭಿಪ್ರಾಯ ಅಲ್ಲಿಂದ ಎಲ್ಲ ಕಡೆಗೂ ಹಬ್ಬಿತು.

ಈ ಖ್ಯಾತಿಯನ್ನು ಹಾಗೆಯೇ ಒಪ್ಪುವಂತಿಲ್ಲ. ಮೇಲಿನ ತರಗತಿಗಳಲ್ಲಿ ಅಂಥ ಪರಿಣಾಮ ಸ್ಪಷ್ಟವಾಗಿ ಕಾಣಲಿಲ್ಲ. ಬಳಸಿದ ಪರೀಕ್ಷೆ ಚಿಕ್ಕ ಮಕ್ಕಳನ್ನು ಅಳೆಯಲು ಯೋಗ್ಯವಾದುದಲ್ಲವೆಂದು ರಾಬರ್ಟ್ ಥಾರ್ನ್‌ಡೈಕ್ ಅದೇ ವರ್ಷ ಆಕ್ಷೇಪಿಸಿದರು. 1984ರಲ್ಲಿ ಸ್ಟೀಫನ್ ರೌಡೆನ್‌ಬುಷ್ ಇಂಥ ಹದಿನೆಂಟು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ, ಶಿಕ್ಷಕರು ಮಕ್ಕಳನ್ನು ಮೊದಲೇ ಬಲ್ಲವರಾಗಿದ್ದರೆ ಹೊರಗಿನಿಂದ ಕೊಟ್ಟ ಸೂಚನೆ ಹೆಚ್ಚು ಫಲಿಸದೆಂದು ತೋರಿಸಿದರು. 2005ರಲ್ಲಿ ಜಸಿಮ್ ಮತ್ತು ಹಾರ್ಬರ್ ಬರೆದ ಸಮೀಕ್ಷೆಯ ತಾತ್ಪರ್ಯವೂ ಇದೇ: ನಿರೀಕ್ಷೆಯ ಪರಿಣಾಮ ಇರುವುದು ನಿಜ, ಆದರೆ ಸಾಮಾನ್ಯವಾಗಿ ಅಲ್ಪ. ಆದರೆ ಸಮಾಜವು ಕೀಳೆಂದು ಕಂಡ ಗುಂಪುಗಳ ಮಕ್ಕಳ ಮೇಲೆ ಅದು ಹೆಚ್ಚು ಬಲವಾಗಿರಬಹುದೆಂದು ಅವರು ಸೇರಿಸಿದ್ದಾರೆ. ನಮ್ಮ ವಿಚಾರಕ್ಕೆ ಈ ಕೊನೆಯ ಮಾತೇ ಮುಖ್ಯವಾದುದು.

ಎರಡನೆಯದು ಆತ್ಮವಿಶ್ವಾಸ. 1977ರಲ್ಲಿ ಆಲ್ಬರ್ಟ್ ಬಂಡೂರಾ ಅವರು, ಒಂದು ನಿರ್ದಿಷ್ಟ ಕಾರ್ಯವನ್ನು ತಾನು ಮಾಡಬಲ್ಲೆನೆಂಬ ನಂಬಿಕೆಗೆ ನಾಲ್ಕು ಮೂಲಗಳನ್ನು ಹೇಳಿದರು: ಸ್ವತಃ ಸಾಧಿಸಿದ ಅನುಭವ; ತನ್ನಂಥವರು ಸಾಧಿಸುವುದನ್ನು ಕಂಡ ಅನುಭವ; ಪರರ ಪ್ರೋತ್ಸಾಹದ ಮಾತು; ದೇಹ-ಮನಸ್ಸುಗಳ ಆಗಿನ ಸ್ಥಿತಿ. ಇವುಗಳಲ್ಲಿ ಮೊದಲನೆಯದು ಎಲ್ಲಕ್ಕಿಂತ ಪ್ರಬಲ. ಸಮಾರಂಭದ ಉಪದೇಶ ಮೂರನೆಯ ವರ್ಗಕ್ಕೆ ಸೇರುತ್ತದೆ; ಸಾಧಿಸುವ ಅವಕಾಶ ಜೊತೆಗಿಲ್ಲದಿದ್ದರೆ ಅದು ಬಹುಕಾಲ ನಿಲ್ಲುವುದಿಲ್ಲ. ಆ ಅವಕಾಶವನ್ನು ಕೊಡುವುದೂ ಬಿಡುವುದೂ ಶಾಲೆಯ ಕೈಯಲ್ಲಿದೆ. ಹೀಗಿರುವಲ್ಲಿ ಆತ್ಮವಿಶ್ವಾಸವನ್ನು ವಿದ್ಯಾರ್ಥಿಯ ಸ್ವಂತ ಸ್ವತ್ತೆಂದು ಮಾತ್ರ ತಿಳಿಯುವುದು ಸರಿಯಲ್ಲ.

ಇದಕ್ಕೆ ನಿದರ್ಶನವನ್ನು ಹುಡುಕಿಕೊಂಡು ಪರದೇಶಕ್ಕೆ ಹೋಗಬೇಕಾಗಿಲ್ಲ. 1856ರ ಜೂನ್ ತಿಂಗಳಲ್ಲಿ, ಧಾರವಾಡದ ಸರಕಾರಿ ಶಾಲೆಯಲ್ಲಿ ಪ್ರವೇಶ ಕೋರಿ ಮಹಾರ ಸಮುದಾಯದ ಒಬ್ಬ ಹುಡುಗನ ಪರವಾಗಿ ಮುಂಬಯಿ ಸರಕಾರಕ್ಕೆ ಅರ್ಜಿ ಬಂದಿತು. ಎಲ್ಲರಂತೆ ಶುಲ್ಕ ಕೊಡಲು ಅವನು ಸಿದ್ಧನಿದ್ದನು. ತತ್ತ್ವದ ದೃಷ್ಟಿಯಿಂದ ನ್ಯಾಯ ಅವನ ಕಡೆಗಿದೆಯೆಂದು ಒಪ್ಪಿಕೊಂಡೂ ಸರಕಾರ ಪ್ರವೇಶವನ್ನು ನಿರಾಕರಿಸಿತು. ಇದುವರೆಗೆ ಇಂಥ ಬೇಡಿಕೆಯೊಡನೆ ಬಂದ ಮಹಾರನು ಇವನೊಬ್ಬನೇ. ಒಬ್ಬನಿಗಾಗಿ ಉಳಿದವರೆಲ್ಲರೂ ಶಾಲೆ ಬಿಡುವ ಸಂಭವವನ್ನು ತಂದುಕೊಳ್ಳಲಾಗದು ಎಂಬುದು ಅದರ ವಾದ. ಬಂಗಾಲ ಪ್ರಾಂತದಲ್ಲಾಗಿದ್ದರೆ ಆ ಹುಡುಗನನ್ನು ಯಾವ ಸರಕಾರಿ ಶಾಲೆಯಲ್ಲೂ ಹೊರಗಿಡುತ್ತಿರಲಿಲ್ಲವೆಂದು ಭಾರತ ಸರಕಾರ 1857ರ ಜನವರಿಯಲ್ಲಿ ತಿಳಿಸಿತು. 1858ರ ಏಪ್ರಿಲಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು, ಸರಕಾರದ ವಿದ್ಯಾಸಂಸ್ಥೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂಬ ತತ್ತ್ವವನ್ನು ಎತ್ತಿಹಿಡಿದರು. ಮುಂದೆ ಡಾ. ಅಂಬೇಡ್ಕರರು ದಲಿತರ ಶಿಕ್ಷಣದ ಸ್ಥಿತಿಯನ್ನು ವಿವರಿಸುವಾಗ ಈ ಪ್ರಸಂಗವನ್ನು ಸಾಕ್ಷ್ಯವಾಗಿ ಮುಂದಿಟ್ಟರು.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಆ ಹುಡುಗನಲ್ಲಿಯೂ ಅವನ ಕಡೆಯವರಲ್ಲಿಯೂ ಆತ್ಮವಿಶ್ವಾಸಕ್ಕೆ ಕೊರತೆಯಿರಲಿಲ್ಲ. ಶುಲ್ಕ ಕೊಡಲು ಮುಂದಾಗಿ, ಸರಕಾರದವರೆಗೂ ತಮ್ಮ ಬೇಡಿಕೆಯನ್ನು ಮುಟ್ಟಿಸಿದವರಿಗೆ ಧೈರ್ಯದ ಪಾಠ ಬೇಕಾಗಿರಲಿಲ್ಲ. ತೆರೆದ ಬಾಗಿಲು ಬೇಕಾಗಿತ್ತು. ಎರಡನೆಯದಾಗಿ, 'ಇವನೊಬ್ಬನೇ' ಎಂಬ ವಾದವನ್ನು ಸೂಕ್ಷ್ಮವಾಗಿ ಪರೀಕ್ಷಿಸಬೇಕು. ಉಳಿದವರು ಏಕೆ ಬರಲಿಲ್ಲ? ಹೋದರೆ ಸೇರಿಸಿಕೊಳ್ಳುವರೆಂಬ ಭರವಸೆಗೆ ಅವರಿಗೆ ಆಧಾರವೇ ಇರಲಿಲ್ಲ. ನಿರೀಕ್ಷೆಯ ಅಭಾವದಿಂದ ಹುಟ್ಟಿದ ಮೌನವನ್ನು ಅಪೇಕ್ಷೆಯ ಅಭಾವವೆಂದು ತಪ್ಪಾಗಿ ಓದಿ, ಅದನ್ನೇ ನಿರಾಕರಣೆಗೆ ಕಾರಣವಾಗಿ ಕೊಡಲಾಯಿತು. ಈ ಬಗೆಯ ತರ್ಕ ಆ ಕಾಲದ ಆಡಳಿತದೊಂದಿಗೇ ಮುಗಿದುಹೋಗಿಲ್ಲವೆಂಬುದನ್ನು ಮುಂದೆ ನೋಡೋಣ.

ಇದೇ ಕಾಲಮಾನದಲ್ಲಿ ಇದೇ ಊರಿನಲ್ಲಿ ಭಾಷೆಯ ಸಂಬಂಧವಾಗಿ ಇನ್ನೊಂದು ಪರಿವರ್ತನೆ ನಡೆಯಿತು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಆಗ ಮರಾಠಿಯದೇ ಪ್ರಾಬಲ್ಯ. ಮನೆಯಲ್ಲಿ ಕನ್ನಡವಾಡುವ ಮಗು ಶಾಲೆಯಲ್ಲಿ ಹಿಂದೆ ಬಿದ್ದರೆ ಅದು ಭಾಷೆಯ ತೊಡಕೋ ಬುದ್ಧಿಯ ಮಾಂದ್ಯವೋ ಎಂದು ವಿವೇಚಿಸುವುದೇ ಕಷ್ಟವಾಗಿತ್ತು. ಶಿಕ್ಷಣ ಖಾತೆಯಲ್ಲಿದ್ದ ಡೆಪ್ಯುಟಿ ಚನ್ನಬಸಪ್ಪನವರು (1834-1881) ಕನ್ನಡಿಗರಿಗೆ ಅಭಿಮಾನದ ಮಾತುಗಳನ್ನು ಹೇಳಿ ಸುಮ್ಮನಾಗಲಿಲ್ಲ. ಕನ್ನಡ ಶಾಲೆಗಳ ಸ್ಥಾಪನೆಗೂ ಕನ್ನಡ ಶಿಕ್ಷಕರ ತಯಾರಿಗೂ ದುಡಿದರು. ಮಗುವಿನ ಬುದ್ಧಿ ಬದಲಾಗಲಿಲ್ಲ, ಶಾಲೆಯ ಏರ್ಪಾಡು ಬದಲಾಯಿತು. ಈ ಎರಡು ಪ್ರಸಂಗಗಳನ್ನು ಸಮನೆಂದು ನಾವು ಹೇಳುತ್ತಿಲ್ಲ. ಭಾಷೆಯ ಅಡಚಣೆಗೂ ಅಸ್ಪೃಶ್ಯತೆಯ ಅವಮಾನಕ್ಕೂ ಅಂತರ ಬಹಳ. ಆದರೆ ನಿರೀಕ್ಷೆಯೆಂಬುದು ಮನಸ್ಸಿನ ಭಾವನೆ ಮಾತ್ರವಲ್ಲ, ವ್ಯವಸ್ಥೆಯಲ್ಲಿಯೂ ನೆಲೆಸಿರುತ್ತದೆಂಬುದಕ್ಕೆ ಎರಡೂ ಸಾಕ್ಷಿಯಾಗಿವೆ.

ಸಂವಿಧಾನವು 1950ರಲ್ಲಿ ಅಸ್ಪೃಶ್ಯತೆಯನ್ನು ನಿಷೇಧಿಸಿತು. ಸರಕಾರದ ಮತ್ತು ಸರಕಾರದ ನೆರವು ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಜಾತಿಯ ಕಾರಣದಿಂದ ಪ್ರವೇಶ ನಿರಾಕರಿಸಬಾರದೆಂದು ವಿಧಿಸಿತು. ಬಾಗಿಲು ತೆರೆದ ಮೇಲೂ ಕೋಣೆಯೊಳಗೆ ಹಳೆಯ ನಿರೀಕ್ಷೆ ಹೇಗೆ ಉಳಿಯುತ್ತದೆಂಬುದನ್ನು ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆಯವರ ಪ್ರಯೋಗದಲ್ಲಿ ಕಾಣಬಹುದು. ಉತ್ತರ ಪ್ರದೇಶದ ಹಳ್ಳಿಗಾಡಿನ ಶಾಲಾ ಹುಡುಗರಿಗೆ, ದಾರಿ ಹುಡುಕುವ ಚಕ್ರವ್ಯೂಹದಂಥ ಚಿತ್ರಗಳನ್ನು ಬಿಡಿಸಲು ಕೊಟ್ಟು, ಬಿಡಿಸಿದಷ್ಟಕ್ಕೆ ಹಣ ಕೊಡಲಾಯಿತು. ಮೇಲ್ಜಾತಿಯ 321 ಮತ್ತು ಕೆಳಜಾತಿಯ 321 ಹುಡುಗರು ಅದರಲ್ಲಿ ಭಾಗವಹಿಸಿದ್ದರು. ಜಾತಿಯನ್ನು ಪ್ರಕಟಿಸದಿದ್ದಾಗ ಎರಡು ಗುಂಪುಗಳ ಸಾಧನೆಯಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಎಲ್ಲರೆದುರಿಗೆ ಹೆಸರಿನೊಡನೆ ಜಾತಿಯನ್ನೂ ಓದಿ ಹೇಳಿದಾಗ ಕೆಳಜಾತಿಯ ಹುಡುಗರ ಸಾಧನೆ ಕುಗ್ಗಿತು. ಸಾಮರ್ಥ್ಯ ಅದೇ ಇದ್ದು, ತಮ್ಮನ್ನು ನೋಡುವ ಕಣ್ಣುಗಳ ಅರಿವೊಂದೇ ಹೊಸದಾಗಿ ಸೇರಿತ್ತು. ವಿದ್ಯಾರ್ಥಿವೇತನದ ಪಟ್ಟಿಯನ್ನು ತುಂಬಿದ ತರಗತಿಯಲ್ಲಿ ಗಟ್ಟಿಯಾಗಿ ಓದುವ ಅಧ್ಯಾಪಕರು ಈ ಫಲಿತಾಂಶವನ್ನು ನೆನಪಿಡುವುದು ಒಳ್ಳೆಯದು.

ನಮ್ಮ ಕಾಲೇಜುಗಳಿಗೆ ಇದರ ಅನ್ವಯ ದೂರದ್ದಲ್ಲ. ಹಳ್ಳಿಯ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು ವಿಜ್ಞಾನ ವಿಭಾಗಕ್ಕೆ ಸೇರುವ ವಿದ್ಯಾರ್ಥಿನಿಯು ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆಗೆ ಮೌನವಾಗಿರುತ್ತಾಳೆ. ಆ ಮೌನವನ್ನು ಅಜ್ಞಾನವೆಂದು ತಿಳಿದ ಅಧ್ಯಾಪಕರು ಮರುದಿನ ಪ್ರಶ್ನೆಯನ್ನು ಮುಂದಿನ ಬೆಂಚಿನವರಿಗೆ ಕೇಳುತ್ತಾರೆ. ಕೆಲವು ತಿಂಗಳಲ್ಲಿ ಅವಳಿಗೆ ಉತ್ತರಿಸುವ ಅಭ್ಯಾಸವೇ ತಪ್ಪುತ್ತದೆ. ಪರೀಕ್ಷೆಯ ಫಲಿತಾಂಶ ಅಧ್ಯಾಪಕರ ಮೊದಲಿನ ಊಹೆಯನ್ನೇ ಸಮರ್ಥಿಸುತ್ತದೆ. 1856ರ 'ಇವನೊಬ್ಬನೇ' ಎಂಬ ತರ್ಕ ಇಲ್ಲಿ ಬೇರೆ ವೇಷದಲ್ಲಿ ನಿಂತಿದೆ.

ಇದಕ್ಕೆ ಪರಿಹಾರ ಹುಸಿ ಹೊಗಳಿಕೆಯಲ್ಲ. ಸುಲಭವಾದುದಕ್ಕೆ ಅತಿಯಾಗಿ ಮೆಚ್ಚುವುದೂ ಕಡಿಮೆ ನಿರೀಕ್ಷೆಯ ಲಕ್ಷಣವೇ. ಉತ್ತರಕ್ಕೆ ಸಾಕಷ್ಟು ಹೊತ್ತು ಕಾಯುವುದು, ಮೊದಲ ತಿಂಗಳುಗಳಲ್ಲಿ ಕನ್ನಡದಲ್ಲಿ ಉತ್ತರಿಸಲು ಬಿಡುವುದು, ಕಠಿನವಾದರೂ ಸಾಧ್ಯವಾದ ಕೆಲಸವನ್ನು ಹಂತಹಂತವಾಗಿ ಕೊಡುವುದು, ತಪ್ಪನ್ನು ಏಕಾಂತದಲ್ಲಿ ತಿದ್ದುವುದು, ಅದೇ ಹಿನ್ನೆಲೆಯಿಂದ ಬಂದು ಮುಂದುವರಿದ ಹಿರಿಯ ವಿದ್ಯಾರ್ಥಿಗಳ ಪರಿಚಯ ಮಾಡಿಸುವುದು—ಇವು ಬಂಡೂರಾ ಹೇಳಿದ ಮೂಲಗಳಿಗೆ ನೀರೆರೆಯುವ ಕ್ರಮಗಳು. ಇವುಗಳಿಂದ ಎಲ್ಲ ಅಸಮಾನತೆಯೂ ಅಳಿಯುವುದೆಂದು ಸಂಶೋಧನೆಗಳು ಹೇಳುವುದಿಲ್ಲ, ನಾವೂ ಹೇಳಲಾರೆವು. ಆದರೆ ವಿದ್ಯಾರ್ಥಿಗೆ ಆತ್ಮವಿಶ್ವಾಸವಿಲ್ಲವೆಂದು ಟೀಕಿಸುವ ಮೊದಲು, ಅವಳು ಗೆಲ್ಲಬಹುದಾದ ಎಷ್ಟು ಸಂದರ್ಭಗಳನ್ನು ನಮ್ಮ ತರಗತಿ ಕೊಟ್ಟಿದೆಯೆಂದು ಲೆಕ್ಕ ಹಾಕುವುದು ಅಧ್ಯಾಪಕರ ಮೊದಲ ಕರ್ತವ್ಯವೆನ್ನಲು ಮೇಲಿನ ಆಧಾರಗಳು ಸಾಕು.